ಹಿತ್ತಲ ಹೊಲ

ಅಂಬುಲೆನ್ಸಿನ ಹಿಂಬಾಗಿಲಿಗೆ ಕೈ ಹಾಕಿದ ಮನೋಜನ ರಟ್ಟೆಯನ್ನು ರುದ್ರಪ್ಪನವರು ಗಟ್ಟಿಯಾಗಿ ಹಿಡಿದುಕೊಂಡರು.

"ತಡಿಯಪ್ಪ, ಇಳಿಸಬ್ಯಾಡ. ಒಂದ್ಸಲ ಹೊಸ್ತಿಲು ದಾಟಿ ಹೋದ ಹೆಣ ಮತ್ತೆ ಹೊಸ್ತಿಲು ದಾಟಿ ಒಳಗೆ ಬರಬಾರ್ದು."

ಮನೋಜ್ ಮಲಯಾಳಿ ಅಳಿಯ. ಮಾವ ಆಸ್ಪತ್ರೆ ಸೇರಿದ ಸುದ್ದಿಗೇ ಊರಿನಿಂದ ಬಂದಿದ್ದ ಅವರ ಅಣ್ಣನ ದಾವಣಗೆರೆ ಕನ್ನಡ ಅವನಿಗೆ ಅರ್ಥವಾಗಲಿಲ್ಲ, ಹಿಡಿತ ಅರ್ಥವಾಯಿತು. ಅವನು ಹೆಂಡತಿಯ ಮುಖ ನೋಡಿದ. ಮಹತಿ ಅಮ್ಮನ ಮುಖ ನೋಡಿದಳು. ರಾಜಲಕ್ಷ್ಮಿ ಅಂಬುಲೆನ್ಸನ್ನೇ ನೋಡುತ್ತ ನಿಂತರು. ಬೆಳಗ್ಗೆ ಶ್ರೀಕಾರ್ಯಂನ ಈ ಮನೆಯಿಂದ ಹಾರ ಹಾಕಿಸಿಕೊಂಡು, ಬೀದಿಯವರನ್ನೆಲ್ಲ ಅಳಿಸಿ, ಅಷ್ಟು ದೊಡ್ಡದಾಗಿ ಬೀಳ್ಕೊಂಡು ಹೋಗಿದ್ದ ಗಂಡ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ವಾಪಸ್ ಬಂದಿದ್ದರು. ಬದುಕಿದ್ದಾಗಲೂ ಅವರದು ಇದೇ ಅಭ್ಯಾಸ. ಯಾವ ಊರಿಗೆ ಹೊರಟರೂ ಏನಾದರೊಂದು ಮರೆತು, ಜಂಕ್ಷನ್ ತನಕ ಹೋಗಿ ತಿರುಗಿ ಬರುವುದು. ಅದು ನೆನಪಾಗಿ ರಾಜಲಕ್ಷ್ಮಿಗೆ ಆ ಹೊತ್ತಿನಲ್ಲೂ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನೋಡಿದವರು ಅಳು ಎಂದುಕೊಂಡರು.

ಆದದ್ದು ಇಷ್ಟು. ಉಮಾಮಹೇಶ್ವರ ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ದಾನ ಬರೆದುಕೊಟ್ಟಿದ್ದರು. ನಿನ್ನೆ ಸಂಜೆ ಕೊಚ್ಚಿಯ ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಮೊದಲು ಮನೆಗೆ, ಮನೆಯಿಂದ ಕಾಲೇಜಿಗೆ ಕರೆದೊಯ್ದದ್ದೂ ಆಯಿತು. ಅಲ್ಲಿನವರು ಸಾವಿನ ಕಾರಣ ಓದಿ ಕೈಮುಗಿದರು. ಲಿವರ್ ಸಿರೋಸಿಸ್, ಹೊಟ್ಟೆಯಲ್ಲಿ ತುಂಬಿದ ನೀರಿಗೆ ಬ್ಯಾಕ್ಟೀರಿಯಾ ಸೇರಿ, ಅದು ರಕ್ತಕ್ಕೂ ಹರಡಿ ಬಂದ ಸಾವು. ಅಂಥ ದೇಹವನ್ನು ವಿದ್ಯಾರ್ಥಿಗಳು ಕೊಯ್ದು ಕಲಿಯುವ ಮೇಜಿಗೆ ತೆಗೆದುಕೊಳ್ಳುವಂತಿಲ್ಲವಂತೆ. ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಇಡೀ ನೌಕರಿ ಮರಗೆಣಸಿನ ರೋಗಗಳ ಹಿಂದೆ ಅಲೆದ ವಿಜ್ಞಾನಿ ಅವರು. ರೋಗ ತಗುಲಿದ ಒಂದು ಕಡ್ಡಿ ಬಂದರೂ ಗೇಟಿನಿಂದಲೇ ವಾಪಸ್ ಕಳಿಸುತ್ತಿದ್ದ ಮನುಷ್ಯ. ತಮ್ಮನ್ನೂ ಹಾಗೆಯೇ ಗೇಟಿನಿಂದ ತಿರುಗಿಸಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ. ದೀಪದ ಕೆಳಗೆ ಕತ್ತಲೆ ಎನ್ನುವುದು ಇದಕ್ಕೇ.

"ಅದಕ್ಯಾಕಷ್ಟು ತಲಿ ಕೆಡಿಸ್ಕೋತೀರಿ?" ಎಂದರು ಹಾಲಪ್ಪ. ಬಾಹ್ಯಾಕಾಶ ಕೇಂದ್ರದಿಂದ ನಿವೃತ್ತರಾದ ಗದಗ ಕಡೆಯವರು, ಊರಿನ ಕನ್ನಡಿಗರ ಮನೆಯ ಸಾವಿಗೆ ಎಲ್ಲರಿಗಿಂತ ಮೊದಲು ಬರುವವರು. "ಇಲ್ಲೇ ಕರೆಂಟಿನ ಸ್ಮಶಾನ ಐತ್ರಿ. ಒಂದು ತಾಸಿನ ಕೆಲಸ."

"ಸುಡಾದಾ?" ರುದ್ರಪ್ಪನವರ ದನಿ ಏರಿತು. "ಲಿಂಗ ಕಟ್ಟಿದ ದೇಹನಾ? ನಮ್ಮಜ್ಜ, ನಮ್ಮಪ್ಪ, ನಮ್ಮವ್ವ ಎಲ್ರೂ ನಮ್ಮ ಹೊಲದಾಗೆ ಕುಂತಾರೆ. ಇವನ್ನೂ ಅಲ್ಲೇ ಕುಂಡ್ರಿಸಾದು. ಇದೇ ಗಾಡಿ ತಿರುಗಿಸಿದ್ರೆ ನಾಳೆ ಹೊತ್ತು ಮುಳುಗೋದ್ರಾಗೆ ಊರು ಸೇರ್ತೀವಿ. ಏನಂತೀಯ ರಾಜವ್ವ?"

ರಾಜಲಕ್ಷ್ಮಿ ಇದನ್ನು ಎಣಿಸಿರಲಿಲ್ಲ. ಕಾಲೇಜಾಗಿದ್ದರೆ ಇದೇ ಊರು. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕಟ್ಟಡ ಕಾಣುತ್ತದೆ, ಇಲ್ಲಿದ್ದಾರೆ ಎಂದುಕೊಂಡು ಮುಂದೆ ಹೋಗಬಹುದು ಎಂದು ಅವರು ಮನಸ್ಸನ್ನು ಒಪ್ಪಿಸಿಕೊಂಡಿದ್ದರು. ದಾವಣಗೆರೆ ಜಿಲ್ಲೆಯ ಆ ಹೊಲಕ್ಕೆ ಹೋದರೆ ಮುಗಿಯಿತು. ವರ್ಷಕ್ಕೊಮ್ಮೆ ಎಡೆ ಇಡಲು ಹೋದರೆ ಹೋದಂತೆ. ಅವರಿಗೆ ಗಂಡ ಹತ್ತಿರ ಬೇಕಾಗಿತ್ತು, ಅಷ್ಟೇ. ಆದರೆ ಹತ್ತಿರ ಎಂದರೆ ಎಲ್ಲಿ ಎಂದು ಕೇಳಿದರೆ ಹೇಳಲು ಜಾಗವಿರಲಿಲ್ಲ. ಮದುವೆಯಾದಂದಿನಿಂದ ಭಾವನ ಮಾತಿಗೆ ಎದುರಾಡಿದವರೂ ಅಲ್ಲ.

ಪಕ್ಕದ ಮನೆಯ ಸುಕುಮಾರಣ್ಣ ಮಲಯಾಳದಲ್ಲಿ, ಯಾರಿಗೂ ನೋವಾಗದ ಹಾಗೆ ಹೇಳಿದರು: "ಏನೇ ತೀರ್ಮಾನವಾಗಲಿ, ಸಾರ್ ಬಿಸಿಲಲ್ಲಿ ಇರೋದು ಬೇಡ. ಮುಂಬಾಗಿಲು ಆಗದಿದ್ದರೆ ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಕರೆದುಕೊಂಡು ಹೋಗೋಣ. ಹಲಸಿನ ಮರದ ನೆರಳಿದೆ."

ಮಹತಿ ಕನ್ನಡಕ್ಕೆ ತಿರುಗಿಸಿ ಹೇಳಿದಳು. ರುದ್ರಪ್ಪನವರು ಯೋಚಿಸಿದರು. ಹಿತ್ತಲಿಗೆ ಹೊಸ್ತಿಲಿಲ್ಲ. ಆಗಬಹುದು ಎಂದರು.

ಕಾಂಪೌಂಡಿಗೂ ಅಡುಗೆಮನೆಯ ಗೋಡೆಗೂ ನಡುವಿನ ಸಂದಿಯಲ್ಲಿ, ಎದೆಯೆತ್ತರದ ಮರಗೆಣಸಿನ ಗಿಡಗಳನ್ನು ಸರಿಸಿಕೊಂಡು, ಉಮಾಮಹೇಶ್ವರ ತಮ್ಮ ಹಿತ್ತಲಿಗೆ ಬಂದರು.

*

ಲಿವರ್ ಕೆಟ್ಟಿದೆ ಎಂದು ಗೊತ್ತಾದಾಗ ಉಮಾಮಹೇಶ್ವರರಿಗೆ ಸಂಕಟವಾದದ್ದು ರೋಗಕ್ಕಲ್ಲ, ಜನ ಕೇಳುವ ಪ್ರಶ್ನೆಗೆ. ಕುಡೀತಿದ್ರಾ? ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಸಕ್ಕರೆ ಕಾಯಿಲೆಯಿತ್ತು, ಹೊಟ್ಟೆಯಿತ್ತು, ಬೆಣ್ಣೆದೋಸೆಯ ಊರಿನ ನಾಲಗೆಯಿತ್ತು. ಲಿವರಿಗೆ ಕೊಬ್ಬು ಕಟ್ಟಿ ಅದು ಸದ್ದಿಲ್ಲದೆ ಗಡುಸಾಗಿಬಿಟ್ಟಿತ್ತು. ಮೊದಮೊದಲು ಕೇಳಿದವರಿಗೆಲ್ಲ ಇದನ್ನು ವಿವರಿಸಿದರು. ಆಮೇಲೆ ಬೇಸತ್ತು, "ಹೂಂ, ದಿನಕ್ಕೆ ನಾಲ್ಕು ಲೋಟ" ಎಂದು ಹೇಳಿ, ಎದುರಿನವರ ಮುಖ ಸಪ್ಪೆಯಾದ ಮೇಲೆ "ಚಾ" ಎಂದು ಸೇರಿಸಿ ನಗುತ್ತಿದ್ದರು.

ಹೊಟ್ಟೆಯಲ್ಲಿ ನೀರು ತುಂಬತೊಡಗಿದ ಮೇಲೆ ಅವರ ದೊಡ್ಡ ಕೊರಗು ಒಂದೇ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾಗುವುದಿಲ್ಲ ಎಂಬುದು. ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿ ನೀರು ತೆಗೆಸಿಕೊಂಡು ಬಂದ ದಿನ ಮಾತ್ರ ಹಬ್ಬ. ಚಪ್ಪಲಿ ಬಿಟ್ಟು ನೇರ ಹಿತ್ತಲಿಗೆ ನಡೆದು, ಗೆಣಸಿನ ಸಾಲುಗಳ ನಡುವೆ ಬರೀ ಮಣ್ಣಿನ ಮೇಲೆ ಕಾಲು ಮಡಿಸಿ ಕೂತರೆ ಅರ್ಧ ಸಂಜೆ ಅಲ್ಲೇ. ಅಡುಗೆಮನೆ ಕಿಟಕಿಯಿಂದ ರಾಜಲಕ್ಷ್ಮಿ ಕೂಗುತ್ತಿದ್ದರು. "ಸೊಳ್ಳೆ ಕಚ್ಚುತ್ತೆ, ಒಳಗೆ ಬನ್ರಿ."

"ಲೇ ರಾಜಿ, ಹೊಟ್ಟೆ ಅಡ್ಡ ಇಲ್ದೆ ಕುಂತೀನಿ. ಮಹಾರಾಜನ್ನ ಎಬ್ಬಿಸ್ಬ್ಯಾಡ."

ಡಾಕ್ಟರು ಒಂದು ವಿಷಯ ಒತ್ತಿ ಹೇಳಿದ್ದರು. ಇಂಥ ರೋಗಿಗಳಿಗೆ ಸೋಂಕು ತಗುಲಿದರೆ ಎಲ್ಲರಿಗೆ ಬರುವ ಹಾಗೆ ಜ್ವರ, ನಡುಕ ಬರಲೇಬೇಕೆಂದಿಲ್ಲ. ಕೆಲವೊಮ್ಮೆ ಬರಿಯ ಮಂಕು, ನಿದ್ದೆಯ ಏರುಪೇರು, ಮಾತಿನಲ್ಲಿ ವ್ಯತ್ಯಾಸ. ಮನೆಯವರೇ ಕಣ್ಣಿಟ್ಟು ನೋಡಬೇಕು, ತಡ ಮಾಡಬಾರದು. ರಾಜಲಕ್ಷ್ಮಿಗೆ ಗಾಬರಿಯಾಗಿ, ಒಳಗೆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತೆ ಎಂದು ಮನೆಗೆ ಬಂದು ಗಂಡನನ್ನೇ ಕೇಳಿದರು.

"ಬರೋದೇನೈತೆ, ಅವು ಯಾವಾಗ್ಲೂ ಇರ್ತಾವೆ," ಎಂದರು ಉಮಾಮಹೇಶ್ವರ, ಗೆಡ್ಡೆಯೊಂದರ ಮಣ್ಣು ಒರೆಸುತ್ತ. "ಈ ಮಣ್ಣಾಗೆ ಎಷ್ಟು ಕೊಳೆಸೋ ಜೀವ ಅದಾವೆ ಗೊತ್ತಾ? ಗೆಣಸು ನೆಲದಾಗೆ ಇರೋ ತನಕ ಏನೂ ಆಗಲ್ಲ. ಕಿತ್ತು ಮೇಲೆ ಇಟ್ಟು ನೋಡು, ಎರಡೇ ದಿನಕ್ಕೆ ಕಪ್ಪಾಗುತ್ತೆ. ಅದಕ್ಕೇ ಇಲ್ಲಿನ ರೈತರು ಬೇಕಾದಾಗಷ್ಟೇ ಕೀಳೋದು. ನೆಲವೇ ಅದರ ಉಗ್ರಾಣ."

ಮೊದಲ ಸಲ ಸೋಂಕಾದಾಗ ಆದ ವ್ಯತ್ಯಾಸ ವಿಚಿತ್ರವಾಗಿತ್ತು. ಬೆಳಗ್ಗೆ ಎದ್ದವರು ಹೆಂಡತಿಯ ಹತ್ತಿರ ಮಲಯಾಳದಲ್ಲಿ ಮಾತಾಡಿದರು. ಮೀನು ಮಾರುವವಳ ಹತ್ತಿರ, ಆಫೀಸಿನವರ ಹತ್ತಿರ ಎಷ್ಟೇ ಮಲಯಾಳ ಹರಿಸಲಿ, ಹೆಂಡತಿಯ ಜತೆ ಒಂದು ದಿನ ಬೇರೆ ಭಾಷೆ ಆಡಿದವರಲ್ಲ. ರಾಜಲಕ್ಷ್ಮಿ ಮೈ ಮುಟ್ಟಿ ನೋಡಿದರೆ ತಣ್ಣಗಿತ್ತು. ಆದರೂ ಆಟೋ ಕರೆದರು. ಡಾಕ್ಟರು ಹೊಟ್ಟೆಯ ನೀರು ಪರೀಕ್ಷಿಸಿ, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಎರಡನೇ ಸಲವೂ ಹಾಗೇ ಆಯಿತು. ಊರಿಗೆಲ್ಲ ಥರ್ಮಾಮೀಟರ್ ಇದ್ದರೆ ರಾಜಲಕ್ಷ್ಮಿಗೆ ಗಂಡನ ಮಲಯಾಳವಿತ್ತು.

ಒಂದು ಓಣಂ ದಿನ ಉಮಾಮಹೇಶ್ವರ ಎಲೆಯ ಮುಂದೆ ಕೂತು, ತಮಾಷೆಗೆಂದು, ಇನ್ನೊಂದು ಸೌಟು ಪಾಯಸವನ್ನು ಮಲಯಾಳದಲ್ಲಿ ಕೇಳಿದರು. ಸೌಟು ಅಲ್ಲೇ ಬಿತ್ತು. ಅವರು ಎಷ್ಟು ಹೇಳಿದರೂ ರಾಜಲಕ್ಷ್ಮಿ ಕೇಳಲಿಲ್ಲ. ಹಬ್ಬದ ಪಂಚೆಯಲ್ಲೇ ಕರೆದುಕೊಂಡು ಹೋಗಿ ರಕ್ತ ಕೊಡಿಸಿ, ಏನೂ ಇಲ್ಲ ಎನ್ನಿಸಿಕೊಂಡು ಬಂದರು. ದಾರಿಯುದ್ದಕ್ಕೂ ಉಮಾಮಹೇಶ್ವರ ಗೊಣಗಿದರು. "ಪಾಯಸ ಹಾಕಾಕೆ ಮನಸಿಲ್ದಿದ್ರೆ ಇಲ್ಲ ಅನ್ಬೇಕಿತ್ತು. ಆಸ್ಪತ್ರೆಗೆ ಸೇರಿಸ್ಬೇಕಾ?"

*

ಹಲಸಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಡ್ರೈವರ್ ದೂರದ ಪ್ರಯಾಣಕ್ಕೆ ಐಸು, ಕಾಗದಪತ್ರ ಎಲ್ಲ ಸಿದ್ಧವಾಗಬೇಕು, ಬೇಗ ಹೇಳಿ ಎಂದು ಎರಡು ಸಲ ಬಂದು ಹೋದ. ರುದ್ರಪ್ಪನವರು ಊರಿಗೆ ಫೋನ್ ಮಾಡಿ ಹೊಲದಲ್ಲಿ ಗುಂಡಿ ತೋಡಿಸಲು ಹೇಳುತ್ತಿದ್ದರು.

ಮಹತಿ ಅಮ್ಮನ ಪಕ್ಕ ಬಂದು ಕೂತಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ತಿಳಿಯುತ್ತದೆ, ಬಾಯಿಗೆ ಬರುವುದು ಮಲಯಾಳ. ಈ ಹೊತ್ತು ಕಷ್ಟಪಟ್ಟು ಕನ್ನಡದಲ್ಲೇ ಹೇಳಿದಳು. "ಅಮ್ಮ, ನನ್ನ ಮನೆಗೆ ಬರದೆ ಇದ್ದಿದ್ದರೆ ಅಪ್ಪನಿಗೆ ಹೀಗೆ ಆಗ್ತಿರಲಿಲ್ಲ."

ರಾಜಲಕ್ಷ್ಮಿಯೂ ನಾಲ್ಕಾರು ದಿನದಿಂದ ಅದನ್ನೇ ತಿರುವಿ ಹಾಕುತ್ತಿದ್ದರು.

*

ಕೊಚ್ಚಿಯ ಲಿವರ್ ಡಾಕ್ಟರಿಗೆ ತೋರಿಸಿಕೊಂಡು, ಕಲೂರಿನ ಮಗಳ ಫ್ಲ್ಯಾಟಿನಲ್ಲಿ ಸ್ವಲ್ಪ ದಿನ ಇದ್ದು ಬರೋಣವೆಂದು ಹೋಗಿದ್ದರು. ಮಹತಿ ಬ್ಯಾಂಕಿನಿಂದ ಬೇಗ ಬರುತ್ತಿದ್ದಳು. ಅಳಿಯ ಮಾವನಿಗೆಂದು ಉಪ್ಪಿಲ್ಲದ ಅಡುಗೆ ಮಾಡಿ, ತಾನೂ ಅದನ್ನೇ ಉಂಡು, ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತಿದ್ದ. ಸ್ಟೇಡಿಯಂನಲ್ಲಿ ಫುಟ್‌ಬಾಲ್ ಇದ್ದ ಸಂಜೆ ಮಾವ ಅಳಿಯ ಬಾಲ್ಕನಿಯಲ್ಲಿ ಕೂತು, ಹಳದಿ ಅಂಗಿ ತೊಟ್ಟು ಹೋಗುವವರನ್ನು ನೋಡುತ್ತ ಹರಟಿದರು. ಆ ಮನೆಯಲ್ಲಿ ಗಾಳಿಯೇ ಮಲಯಾಳ. ಅಡುಗೆಮನೆಯಿಂದ ಬಂದ ರಾಜಲಕ್ಷ್ಮಿಗೂ ಅದೇ ಬಾಯಿಗೆ ಬರುತ್ತಿತ್ತು.

"ಕುರಚ್ಚ್ ವೆಳ್ಳಂ," ಎಂದರು ಉಮಾಮಹೇಶ್ವರ ಆ ಸಂಜೆ. ಸ್ವಲ್ಪ ನೀರು. ರಾಜಲಕ್ಷ್ಮಿ ತಂದುಕೊಟ್ಟರು. ಕುಡಿದು ಲೋಟ ವಾಪಸ್ ಕೊಟ್ಟು ಮುಗುಳ್ನಕ್ಕರು. ಇದರಲ್ಲಿ ಕಿವಿ ನಿಮಿರುವಂಥದ್ದೇನೂ ಇರಲಿಲ್ಲ. ಎಲ್ಲರೂ ಮಲಯಾಳ ಆಡುವ ಮನೆಯಲ್ಲಿ ಅದೊಂದು ಮಾತು ಗುಂಪಿನಲ್ಲಿ ಗೋವಿಂದವಾಯಿತು.

ಬೆಳಗ್ಗೆ ಮಂಚದ ಅಂಚಿನಲ್ಲಿ ಕೂತು, ಷರ್ಟಿನ ಗುಂಡಿಯನ್ನು ತಪ್ಪು ತೂತಿಗೆ ಹಾಕುತ್ತ, "ರಾಜಿ, ನಮುಕ್ಕ್ ವೀಟ್ಟಿಲ್ ಪೋಕಾಂ" ಎಂದರು. ನಡಿ, ಮನೆಗೆ ಹೋಗೋಣ. ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಆಗ ರಾಜಲಕ್ಷ್ಮಿಗೆ ನಿನ್ನೆಯ ನೀರಿನ ಲೋಟ ನೆನಪಾಯಿತು. ಆಸ್ಪತ್ರೆಗೆ ಹೋಗುವಾಗ ಪಾಲಾರಿವಟ್ಟಂ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವರು ಗಂಡನ ಕೈ ಹಿಡಿದು ಕನ್ನಡದಲ್ಲಿ ಏನೇನೋ ಮಾತಾಡಿದರು, ಎಳೆದು ಇತ್ತ ಕರೆತರುವವರ ಹಾಗೆ. ಅವರು ಹೂಂಗುಟ್ಟಿದರೇ ಹೊರತು ಭಾಷೆ ತಿರುಗಲಿಲ್ಲ. ಔಷಧಿ ಏರಿಸಿದರು, ಕಿಡ್ನಿ ಕೈಕೊಟ್ಟಿತು, ಆಮೇಲೆ ಅವರು ಮಾತಾಡಲೇ ಇಲ್ಲ. ಒಂದು ರಾತ್ರಿ ಮುಂಚೆ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಕೇಳಿದ್ದಕ್ಕೆ ಡಾಕ್ಟರು ಪ್ರಾಮಾಣಿಕವಾಗಿ, ಹೇಳಲಾಗದು ಅಮ್ಮ, ಎಂದರು.

*

"ನಿನ್ನ ಮನೇಲಿ ಅವರು ಎಷ್ಟು ಖುಷಿಯಾಗಿದ್ರು ಗೊತ್ತೇನೆ," ಎಂದರು ರಾಜಲಕ್ಷ್ಮಿ ಕೊನೆಗೆ, ಮಗಳ ಕೈ ತಮ್ಮ ಮಡಿಲಿಗೆ ಎಳೆದುಕೊಂಡು. "ನಾನು ಕಾವಲು ಮರೆತು ನಾಲ್ಕು ದಿನ ನಕ್ಕಿದ್ದು ಅಲ್ಲೇ. ಅದನ್ನ ತಪ್ಪು ಅಂತ ನಾನು ಅನ್ನಲ್ಲ, ನೀನೂ ಅನ್ನಬೇಡ." ಹೇಳಿದ ಮೇಲೆ ಅದು ನಿಜವೆಂದು ಅವರಿಗೇ ತಿಳಿಯಿತು.

"ಕೊನೇಗೆ ಅಪ್ಪ ಏನೋ ಹೇಳಿದ್ದರಲ್ಲ ಅಮ್ಮ?"

"ಮನೆಗೆ ಹೋಗೋಣ ಅಂದ್ರು."

ಫೋನ್ ಮುಗಿಸಿ ಬಂದ ರುದ್ರಪ್ಪನವರ ಕಿವಿಗೆ ಅದು ಬಿತ್ತು. "ನೋಡ್ದಾ! ನಾನು ಹೇಳಾದೂ ಅದೇ. ಮನೆಗೆ ಅಂದ್ರೆ ಹುಟ್ಟಿದ ಮನೆಗೆ. ಜೀವ ಹೋಗಾ ಹೊತ್ತಿನಾಗೆ ಎಲ್ರಿಗೂ ಊರೇ ನೆನಪಾಗಾದು."

ರಾಜಲಕ್ಷ್ಮಿ ಎದ್ದು ನಿಂತರು. ಎದುರಿಗೆ ಅವರ ಗಂಡ ಗೆಣಸಿನ ಸಾಲಿನ ಪಕ್ಕ, ನೀರು ತೆಗೆಸಿಕೊಂಡು ಬಂದ ದಿನಗಳಲ್ಲಿ ಕೂರುತ್ತಿದ್ದ ಜಾಗದಿಂದ ಒಂದು ಮಾರು ದೂರದಲ್ಲಿ ಮಲಗಿದ್ದರು. ಇಷ್ಟು ಹೊತ್ತು ಜಾಗ ಎಲ್ಲಿ ಎಂದು ಹುಡುಕುತ್ತಿದ್ದುದಕ್ಕೆ ಅವರಿಗೇ ನಾಚಿಕೆಯಾಯಿತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

"ಭಾವ, ಅವರು ಅದನ್ನ ಮಲಯಾಳದಾಗೆ ಹೇಳಿದ್ರು," ಎಂದರು. "ನಮ್ಮೂರು ಬೇಕಾಗಿದ್ರೆ ಕನ್ನಡದಾಗೆ ಕೇಳ್ತಿದ್ರು. ಈ ಮನೆ ಕೇಳಿದ್ರು, ಅದಕ್ಕೇ ಇಲ್ಲಿನ ಮಾತು ಬಂತು."

"ಈ ಮನೆಯಾಗೆ ಎಲ್ಲಿ ಮಣ್ಣು ಮಾಡ್ತೀಯವ್ವ? ನಮ್ಮೋರು ಹೊಲದಾಗೇ ಕುಂತ್ಕಬೇಕು."

"ಹೊಲ ಅಂದ್ರೆ ಯಾವ್ದು ಭಾವ? ದುಡಿದೋನ ಹೊಲ ತಾನೆ? ಊರಿನ ಹೊಲ ದುಡಿದಿದ್ದು ನೀವು. ಇವ್ರು ಒಂದು ದಿನ ಅಲ್ಲಿ ನೇಗಿಲು ಹಿಡಿದಿಲ್ಲ, ನೀವೇ ಬೈತಿದ್ರಲ್ಲ. ಇವ್ರ ಹೊಲ ಇದು. ಇದ್ರಾಗೆ ಅವ್ರು ಅಗೆಯದ ಜಾಗ ಇದ್ರೆ ತೋರ್ಸಿ."

ಮಹತಿ ಪಿಸುದನಿಯಲ್ಲಿ ಸುಕುಮಾರಣ್ಣನಿಗೆ ತಿಳಿಸಿದಳು. ಅವರು ಆಶ್ಚರ್ಯಪಡಲೂ ಇಲ್ಲ. "ಅದಕ್ಕೇನು? ನನ್ನ ಅಪ್ಪ ಅಮ್ಮ ಇಬ್ಬರನ್ನೂ ನಮ್ಮ ಹಿತ್ತಲ ಪರಂಬಿನ ದಕ್ಷಿಣಕ್ಕೇ ದಹನ ಮಾಡಿದ್ದು. ಇಲ್ಲಿ ಮನೆಯವರು ಮನೆ ಬಿಟ್ಟು ಎಲ್ಲಿಗೂ ಹೋಗೋದಿಲ್ಲ. ಹೂಳೋದಾದರೆ ಅನುಮತಿ ಬೇಕು, ಕೌನ್ಸಿಲರಿಗೆ ನಾನು ಹೇಳ್ತೀನಿ."

ರುದ್ರಪ್ಪನವರು ಗೆಣಸಿನ ಸಾಲಿಗೆ ಇಳಿದರು. ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಬೆರಳಿನಲ್ಲಿ ಪುಡಿ ಮಾಡಿ ಮೂಸಿದರು. ಮೆಕ್ಕೆಜೋಳ ಬೆಳೆಯುವ ರೈತ, ಮಣ್ಣಿನ ಮೇಲೆ ಸುಳ್ಳು ಹೇಳಲು ಬರುವುದಿಲ್ಲ. "ಮಣ್ಣು ಚಲೋ ಮಾಡ್ಯಾನೆ ಮಗ," ಎಂದರು. ಹಾಗೆಂದವರು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಬಂದಾಗಿನಿಂದ ತಡೆದುಕೊಂಡಿದ್ದ ಅಳುವನ್ನೆಲ್ಲ ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಊರಿಗೆ ಫೋನ್ ಮಾಡಿ, ಗುಂಡಿ ಬ್ಯಾಡ ಎಂದರು.

ಕೌನ್ಸಿಲರ ಜತೆಗೆ ಆರೋಗ್ಯ ಇಲಾಖೆಯವರೂ ಬಂದು ನೋಡಿ, ಬಾವಿ ದೂರವಿದೆ, ಆಳ ತೋಡಿ, ಮುಟ್ಟುವವರು ಗ್ಲೌಸ್ ಹಾಕಿಕೊಳ್ಳಿ ಎಂದು ಹೇಳಿ ಒಪ್ಪಿದರು. ಗಂಡಾಳುಗಳು ಗಿಡ ಕಿತ್ತು ಅಗೆಯತೊಡಗಿದರು. ರಾಜಲಕ್ಷ್ಮಿ ದೇವರ ಗೂಡಿನಿಂದ ಗಂಡನ ಇಷ್ಟಲಿಂಗ ತಂದರು. ಉಮಾಮಹೇಶ್ವರ ಅದನ್ನು ಕಟ್ಟುವುದು ಬಿಟ್ಟು ಎಷ್ಟೋ ಕಾಲವಾಗಿತ್ತು, ಧೂಳು ಹಿಡಿಯಲು ಮಾತ್ರ ರಾಜಲಕ್ಷ್ಮಿ ಬಿಟ್ಟಿರಲಿಲ್ಲ. ಹಾಲಪ್ಪ ಚೀಲದಿಂದ ವಿಭೂತಿ ಗಟ್ಟಿ ತೆಗೆದರು. "ಐನೋರು ಸಿಗಂಗಿಲ್ಲ ಅಂತ ನಾನ ಒಂದೀಟು ಕಲ್ತೀನ್ರಿ. ತಪ್ಪಾದ್ರ ಸತ್ತೋರೇನ್ ಸಿಟ್ಟಾಗಂಗಿಲ್ಲ."

ಬಿಗಿದುಹೋಗಿದ್ದ ಕಾಲುಗಳನ್ನು ಮಡಿಸುವುದೇ ಕಷ್ಟವಾಯಿತು. ರುದ್ರಪ್ಪನವರು ಬಿರಿಯುವಂತಿದ್ದ ಗ್ಲೌಸಿನ ಕೈಯಿಂದ ತಮ್ಮನ ಮೊಣಕಾಲಿಗೆ ಬಿಸಿನೀರು ಹಾಕಿ ತಿಕ್ಕಿದರು, ಮತ್ತೆ ಹಾಕಿ ಮತ್ತೆ ತಿಕ್ಕಿದರು. "ಸಣ್ಣೋನಿದ್ದಾಗ ಇವನಿಗೆ ಎಣ್ಣೆ ಹಚ್ಚಿ ಎರೀತಿದ್ದೋನು ನಾನೇ. ಆಗ್ಲೂ ಹಿಂಗೇ, ಕಾಲು ಮಡಿಸ್ತಿರ್ಲಿಲ್ಲ." ಒಲ್ಲೆನೆನ್ನುತ್ತಿದ್ದ ಕಾಲು ಮೆಲ್ಲಗೆ ಸಡಿಲವಾಯಿತು. ಆಸ್ಪತ್ರೆಯವರು ನೀರು ತೆಗೆದಿದ್ದರಿಂದ ಹೊಟ್ಟೆ ಅಡ್ಡ ಬರಲಿಲ್ಲ.

ಸಂಜೆಯ ಬೆಳಕಿನಲ್ಲಿ ಉಮಾಮಹೇಶ್ವರ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಚಕ್ಕಳಮಕ್ಕಳ ಹಾಕಿ ಕೂತರು, ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ರಾಜಲಕ್ಷ್ಮಿ ಅತ್ತರು, ಆದರೆ ಬೆಳಗ್ಗೆ ಅಂಬುಲೆನ್ಸ್ ಹೊರಟಾಗ ಅತ್ತ ಅಳು ಇದಾಗಿರಲಿಲ್ಲ.

ಕಿತ್ತ ಗೆಡ್ಡೆಗಳನ್ನು ಸುಕುಮಾರಣ್ಣ ತಮ್ಮ ಮನೆಗೆ ಹೊತ್ತುಕೊಂಡು ಹೋದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಕಿತ್ತ ಗೆಣಸು ಕಾಯುವುದೂ ಇಲ್ಲ. ಅವರ ಹೆಂಡತಿ ಬೇಯಿಸಿ, ಮೆಣಸಿನಕಾಯಿ ಚಟ್ನಿ ಅರೆದು ಕಳಿಸಿದ್ದನ್ನು ಎಲ್ಲರೂ ಹಿತ್ತಲಲ್ಲೇ ನಿಂತು ತಿಂದರು. ರುದ್ರಪ್ಪನವರು ಎರಡನೇ ಸಲ ಹಾಕಿಸಿಕೊಂಡರು. "ಹಿಟ್ಟಿನಂಗೆ ಐತಲ್ಲ! ಇದನ್ನ ಕಟ್ಕೊಂಡು ಜೀವ್ನ ಕಳೆದ ಅಂತ ನಾವೆಲ್ಲ ಅವನಿಗೆ ನಗಾಡ್ತಿದ್ವಿ."

ಹೊರಡುವ ಮುಂಚೆ ಸುಕುಮಾರಣ್ಣ, ನಮ್ಮಲ್ಲಿ ಆ ಜಾಗದಲ್ಲಿ ಏನಾದರೂ ನೆಡುವ ಪದ್ಧತಿ ಇದೆ ಎಂದರು. ರುದ್ರಪ್ಪನವರು ತಡ ಮಾಡಲಿಲ್ಲ. ಗೋಡೆಗೆ ಒರಗಿಸಿದ್ದ ಮರಗೆಣಸಿನ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ, ಹಸಿ ಮಣ್ಣಿನ ದಿಬ್ಬದ ಸುತ್ತ ಸಾಲಾಗಿ ಚುಚ್ಚಿದರು. ರೈತನ ಸಾಲು, ದಾರ ಹಿಡಿದ ಹಾಗಿತ್ತು. ಎದ್ದು ಕೈ ಕೊಡವಿಕೊಂಡು ತೃಪ್ತಿಯಿಂದ ನೋಡಿದರು.

ರಾಜಲಕ್ಷ್ಮಿಯೂ ನೋಡಿದರು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ಅವರೂ ಹೀಗೇ ನೆಟ್ಟಿದ್ದರು. ಉಮಾಮಹೇಶ್ವರ ಹೊಟ್ಟೆ ಹಿಡಿದುಕೊಂಡು ನಕ್ಕು, ಒಂದೊಂದನ್ನೂ ತೋರಿಸಿ ಕಲಿಸಿದ್ದರು.

ಅವರು ಬಗ್ಗಿ ಮೊದಲ ಕಡ್ಡಿಯನ್ನು ಹೊರಗೆಳೆದರು. "ಎಲ್ಲಾ ತಲೆಕೆಳಗಾಗ್ಯಾವೆ ಭಾವ. ಇಗೋ, ಇದು ಕಣ್ಣು. ಚಿಗುರು ಇಲ್ಲಿಂದ ಬರಾದು. ಕಣ್ಣು ಮ್ಯಾಲೆ ನೋಡ್ಬೇಕು." ತಿರುಗಿಸಿ ನೆಟ್ಟರು.

ರುದ್ರಪ್ಪನವರು ಕನ್ನಡಕ ಸರಿಮಾಡಿಕೊಂಡು ಆ ಕಡ್ಡಿಯನ್ನು ನೋಡಿದರು. ಮತ್ತೆ ಮೊಣಕಾಲೂರಿದರು. ಎರಡನೆಯದನ್ನು ಕಿತ್ತು, ಬೆರಳಿನಿಂದ ಕಣ್ಣು ಹುಡುಕಿ, "ಹಿಂಗಾ?" ಎಂದು ತಲೆಯೆತ್ತಿ ಕೇಳಿದರು.

"ಹಂಗೆ."

ನೆಟ್ಟರು. ಬುಡದ ಮಣ್ಣು ಗಟ್ಟಿ ಮಾಡಲು ಅಭ್ಯಾಸದಂತೆ ಪಾದ ಎತ್ತಿದವರು ಅದನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು, ಎರಡೂ ಅಂಗೈಗಳಿಂದ ಮೆಲ್ಲಗೆ ಒತ್ತಿದರು. ಆಮೇಲೆ ಮೂರನೆಯದನ್ನು ಕಿತ್ತರು.